ತಗಡಿನ ಮಾಡಿಗೆ ಒಳಹೊದಿಕೆ ಹಾಕುವ ಕ್ರಮವೂ ತೇವವನ್ನು ತಡೆಯುವ ಬಗೆಯೂ

(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಬೆಳೆಯನ್ನು ಬೆಳೆಯುವುದಕ್ಕೆ ರೈತನು ಪಡುವ ಶ್ರಮವು ಎಲ್ಲರಿಗೂ ತಿಳಿದುದೇ ಆಗಿದೆ. ಬೆಳೆದುದನ್ನು ಕಾಪಾಡಿಕೊಳ್ಳುವುದಕ್ಕೆ ಬೇಕಾದ ಶ್ರಮವು ಅದರ ಮುಂದೆ ಅತ್ಯಲ್ಪ; ಆದರೆ ಆ ಕಡೆಗೆ ಹರಿಯುವ ಗಮನವು ಇನ್ನೂ ಅಲ್ಪ. ಉತ್ತು, ಬಿತ್ತು, ಕಳೆ ತೆಗೆದು, ಕಣದಲ್ಲಿ ತೂರಿ ಮನೆಗೆ ತಂದ ರಾಶಿಯು ಉಗ್ರಾಣದ ಮೂಲೆಯಲ್ಲಿ ಮುಗ್ಗಿ ಹೋದರೆ ವರ್ಷದ ದುಡಿಮೆಯೆಲ್ಲವೂ ವ್ಯರ್ಥವಾದಂತೆಯೇ ಸರಿ. ಹಾಗೆಯೇ ಸಾಲ ಮಾಡಿ ತಂದ ಹಸುವು ತೇವದ ಕೊಟ್ಟಿಗೆಯಲ್ಲಿ ನಿಂತು ಕೆಮ್ಮು ಹಿಡಿದರೆ ಹಾಲೂ ಹೋಯಿತು, ಸಾಲವೂ ಉಳಿಯಿತು.

ಈ ನಷ್ಟಗಳಲ್ಲಿ ಹಲವಕ್ಕೆ ಮೂಲವು ಮಾಡಿನಲ್ಲಿರುತ್ತದೆ. ಅದರಲ್ಲಿಯೂ ತಗಡಿನ ಮಾಡಿಗೆ ಬಿಸಿಲಿನ ತಾಪವನ್ನು ತಡೆಯಲೆಂದು ಒಳಗಡೆ ಹಾಕಿಸುವ ಹೊದಿಕೆಯು, ಕ್ರಮವರಿಯದೆ ಹಾಕಿದ್ದೇ ಆದರೆ, ತಾಪವನ್ನು ಕಳೆಯುವ ಬದಲು ತೇವವನ್ನು ತರುತ್ತದೆ. ಹಣ ಕೊಟ್ಟು ಕೇಡನ್ನು ಕೊಂಡಂತಾಗುತ್ತದೆ. ಇದು ಏಕೆ ಹೀಗಾಗುತ್ತದೆ, ಹೀಗಾಗದಂತೆ ಮಾಡುವ ಉಪಾಯವೇನು ಎಂಬುದೇ ಈ ಉಪನ್ಯಾಸದ ವಿಷಯ.

ಹಿಂದಿನ ಮಾಡುಗಳೂ ಈಗಿನ ತಗಡೂ

ಹಿಂದಿನವರು ಕೊಟ್ಟಿಗೆಗೂ ಕಣಜದ ಮನೆಗೂ ಆಯಾ ಸೀಮೆಯಲ್ಲಿ ದೊರೆಯುವ ಸಾಮಗ್ರಿಯಿಂದಲೇ ಮಾಡು ಕಟ್ಟುತ್ತಿದ್ದರು. ಮಲೆನಾಡಿನಲ್ಲಿ ಅಡಿಕೆಯ ಸೋಗೆ ಮತ್ತು ಹುಲ್ಲು, ಮೈದಾನ ಸೀಮೆಯಲ್ಲಿ ನಾಡಹೆಂಚು, ಚಿತ್ರದುರ್ಗ ಬಳ್ಳಾರಿಗಳ ಕಡೆ ಮಣ್ಣಿನ ಮಾಳಿಗೆ, ಹೀಗೆ ಒಂದೊಂದು ಕಡೆಗೆ ಒಂದೊಂದು ರೂಢಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಮಂಗಳೂರು ಹೆಂಚು ಎಲ್ಲೆಡೆಗೂ ಹರಡಿತು. ಅಲೆಯಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಹೆನ್ರಿ ಪಾಮರ್ ಎಂಬ ಎಂಜಿನಿಯರನು ಲಂಡನ್ನಿನಲ್ಲಿ ಹಕ್ಕುಪತ್ರವನ್ನು ಪಡೆದದ್ದು 1829ರಲ್ಲಿ. ಅದಕ್ಕೆ ಸತುವಿನ ಲೇಪವನ್ನು ಕೊಡುವ ಪದ್ಧತಿ ಬಂದ ಮೇಲೆ ಅದು ಬೇಗನೆ ತುಕ್ಕು ಹಿಡಿಯದೆ ನಿಲ್ಲುವಂತಾಯಿತು.

ತಗಡಿನಲ್ಲಿ ಗುಣಗಳುಂಟು. ಅದು ಹಗುರ, ಬೆಂಕಿಗೆ ಉರಿಯದು, ವರ್ಷವರ್ಷವೂ ಹೊದಿಸಬೇಕಾದ ತೊಂದರೆಯಿಲ್ಲ, ಕೋತಿಗಳ ಕಾಟದಿಂದ ಹೆಂಚಿನಂತೆ ಒಡೆಯದು. ಆದರೆ ಅದರ ದೋಷಗಳೂ ಎರಡುಂಟು. ಮೊದಲನೆಯದು, ಅದು ಬಿಸಿಲಿಗೆ ಬೇಗನೆ ಕಾಯುತ್ತದೆ, ಇರುಳಿಗೆ ಬೇಗನೆ ತಣಿಯುತ್ತದೆ. ಎರಡನೆಯದು, ಅದು ನೀರನ್ನು ಹೀರುವುದೂ ಇಲ್ಲ, ಆವಿಯನ್ನು ಹೊರಕ್ಕೆ ಬಿಡುವುದೂ ಇಲ್ಲ. ಸೋಗೆಯ ಮಾಡು ಸಾವಿರ ಸಂದುಗಳಿಂದ ಉಸಿರಾಡುತ್ತಿತ್ತು. ನಾಡಹೆಂಚಿನ ಎಡೆಯಿಂದ ಅಡಿಗೆಯ ಹೊಗೆಯೂ ದನದ ಉಸಿರೂ ಹೊರಬೀಳುತ್ತಿದ್ದವು. ಆ ಮಾಡುಗಳ ಕೆಳಗೆ ತಲೆಮಾರುಗಳಿಂದ ನಡೆದುಬಂದ ರೂಢಿಯನ್ನೇ ತಗಡಿನ ಕೆಳಗೂ ನಡೆಸಿದರೆ ಕೆಲಸ ಕೆಡುವುದು ಸಹಜ.

ಇಲ್ಲಿ ಹಗೇವಿನ ವಿಷಯವನ್ನೂ ನೆನೆಯತಕ್ಕದ್ದು. ನೆಲವನ್ನು ಅಗೆದು, ಒಣಹುಲ್ಲನ್ನು ಹಾಸಿ, ರಾಗಿ ಜೋಳಗಳನ್ನು ತುಂಬಿ, ಬಾಯನ್ನು ಕಲ್ಲಿನಿಂದಲೂ ಮಣ್ಣಿನಿಂದಲೂ ಬಿಗಿಯಾಗಿ ಮುಚ್ಚುವ ಹಗೇವಿನಲ್ಲಿ ಗಾಳಿಯೇ ಆಡುತ್ತಿರಲಿಲ್ಲ. ಬಾಯಿ ತೆರೆದು ಕೆಟ್ಟ ಗಾಳಿ ಹೋಗುವವರೆಗೆ ಒಳಗೆ ಯಾರೂ ಇಳಿಯುತ್ತಿರಲಿಲ್ಲ ಎಂಬುದೇ ಅದು ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಸಾಕ್ಷಿ. ಹಿರಿಯರು ಹೀಗೆ ಎರಡು ಮಾರ್ಗಗಳನ್ನು ತಿಳಿದಿದ್ದರು: ಒಂದು, ಗಾಳಿ ಚೆನ್ನಾಗಿ ಆಡಬೇಕು, ಇಲ್ಲವೆ, ಗಾಳಿ ಹೊಗಲೇಬಾರದು. ಎರಡೂ ಸರಿಯಾದವು. ಅರ್ಧ ಮುಚ್ಚಿ ಅರ್ಧ ಬಿಟ್ಟ ನಡುವಣ ಮಾರ್ಗವೇ ಕೇಡಿನದು. ತಗಡಿನ ಮಾಡಿನ ಒಳಹೊದಿಕೆಗೂ ಇದೇ ಸೂತ್ರ.

ತೇವವು ಬರುವ ನಾಲ್ಕು ದಾರಿಗಳು

ಕೊಟ್ಟಿಗೆಗಾಗಲಿ ಉಗ್ರಾಣಕ್ಕಾಗಲಿ ನೀರು ನಾಲ್ಕು ದಾರಿಗಳಿಂದ ಬರುತ್ತದೆ. ಮೇಲಿನಿಂದ ಮಳೆಯಾಗಿ ಬರುವುದು ಮೊದಲನೆಯದು. ನೆಲದಿಂದಲೂ ಗೋಡೆಯ ಬುಡದಿಂದಲೂ ಒಸರಾಗಿ ಏರುವುದು ಎರಡನೆಯದು. ಹೊರಗಿನ ಗಾಳಿಯೊಡನೆ ಕಣ್ಣಿಗೆ ಕಾಣದ ಆವಿಯಾಗಿ ಒಳಹೊಗುವುದು ಮೂರನೆಯದು. ಒಳಗಿರುವ ದನಗಳಿಂದಲೂ ಧಾನ್ಯದಿಂದಲೂ ಹುಟ್ಟುವುದು ನಾಲ್ಕನೆಯದು.

ಮೊದಲೆರಡನ್ನು ಎಲ್ಲರೂ ಬಲ್ಲರು. ಕೊನೆಯ ಎರಡನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವುಗಳ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾದೀತು. ಕರೆಯುವ ದೊಡ್ಡ ಹಸುವೊಂದು ಉಸಿರಿನಿಂದಲೂ ಮೈಯಿಂದಲೂ ಒಂದು ದಿನಕ್ಕೆ ಸುಮಾರು ಎಂಟು ಹತ್ತು ಲೀಟರಿನಷ್ಟು ನೀರನ್ನು ಆವಿಯಾಗಿ ಬಿಡುತ್ತದೆ. ಅಂತಹ ಆರು ಹಸುಗಳಿರುವ ಕೊಟ್ಟಿಗೆಯ ಗಾಳಿಗೆ ಒಂದೇ ಇರುಳಿನಲ್ಲಿ ಇಪ್ಪತ್ತು ಲೀಟರಿಗೂ ಮೇಲ್ಪಟ್ಟು ನೀರು ಸೇರುತ್ತದೆ. ಇದು ಗಂಜಳವನ್ನು ಬಿಟ್ಟು ಹೇಳಿದ ಲೆಕ್ಕ.

ಧಾನ್ಯದ ಲೆಕ್ಕವೂ ಹೀಗೆಯೇ. ನೂರಕ್ಕೆ 18 ಪಾಲು ತೇವವಿರುವ ಒಂದು ಕ್ವಿಂಟಲ್ ಭತ್ತವನ್ನು 13 ಪಾಲಿಗೆ ಒಣಗಿಸಿದರೆ ಅದರಿಂದ ಹೆಚ್ಚುಕಡಿಮೆ ಐದೂಮುಕ್ಕಾಲು ಕಿಲೋಗ್ರಾಂ ನೀರು ಹೋಗುತ್ತದೆ. ಹಾಗೆ ಒಣಗಿಸದೆ ಐವತ್ತು ಕ್ವಿಂಟಲನ್ನು ಉಗ್ರಾಣಕ್ಕೆ ತುಂಬಿದವನು 280 ಲೀಟರಿಗೂ ಹೆಚ್ಚು ನೀರನ್ನು ತಾನೇ ಹೊತ್ತು ತಂದು ಒಳಗಿಟ್ಟಂತಾಯಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಸೋರದ ಮಾಡಿನಿಂದ ನೀರು ತೊಟ್ಟಿಕ್ಕುವುದೇಕೆ

ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯು ಹೊರಮೈಯಲ್ಲಿ ಬೆವರುವುದನ್ನು ಎಲ್ಲರೂ ನೋಡಿದ್ದಾರೆ. ಆ ಬೆವರು ತಂಬಿಗೆಯ ಒಳಗಿನಿಂದ ಒಸರಿದುದಲ್ಲ; ಸುತ್ತಣ ಗಾಳಿಯಲ್ಲಿದ್ದ ಆವಿಯು ತಣ್ಣನೆಯ ಲೋಹಕ್ಕೆ ತಗುಲಿ ನೀರಾದುದು. ಬೆಚ್ಚನೆಯ ಗಾಳಿಯು ಹೆಚ್ಚು ಆವಿಯನ್ನು ಹೊರಬಲ್ಲದು, ತಣ್ಣನೆಯ ಗಾಳಿಯು ಕಡಿಮೆಯನ್ನು ಹೊರಬಲ್ಲದು. ಒಂದು ಘನ ಮೀಟರ್ ಗಾಳಿಯು 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ ಆವಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಕುದು ನೀರಾಗಿ ಇಳಿಯಲೇಬೇಕು.

ಕಾರ್ತಿಕ ಮಾಸದಿಂದ ಮಾಘದವರೆಗೆ ಆಕಾಶವು ನಿರ್ಮಲವಾಗಿರುವ ಇರುಳುಗಳಲ್ಲಿ ತಗಡು ತನ್ನ ಶಾಖವನ್ನು ಬಾನಿನತ್ತ ಬಿಟ್ಟುಕೊಟ್ಟು, ಸುತ್ತಣ ಗಾಳಿಗಿಂತಲೂ ಕೆಲವು ಡಿಗ್ರಿಗಳಷ್ಟು ಹೆಚ್ಚಾಗಿ ತಣಿಯುತ್ತದೆ. ಕೊಟ್ಟಿಗೆಯ ಒಳಗಿನ ಗಾಳಿ 25 ಡಿಗ್ರಿಯಲ್ಲಿದ್ದು, ತಾನು ಹೊರಬಲ್ಲ ಆವಿಯಲ್ಲಿ ನೂರಕ್ಕೆ 80 ಪಾಲನ್ನು ಹೊತ್ತಿದ್ದರೆ, 21 ಡಿಗ್ರಿಯ ತಗಡಿಗೆ ತಗುಲಿದ ಕೂಡಲೆ ಅದು ಇಬ್ಬನಿಯನ್ನು ಬಿಡಲು ತೊಡಗುತ್ತದೆ. ತಗಡು 18 ಡಿಗ್ರಿಗೆ ಇಳಿದಿದ್ದರೆ ಪ್ರತಿಯೊಂದು ಘನ ಮೀಟರ್ ಗಾಳಿಯೂ ಸುಮಾರು ಮೂರು ಗ್ರಾಂ ನೀರನ್ನು ಅದಕ್ಕೆ ಒಪ್ಪಿಸುತ್ತದೆ. ಇರುಳೆಲ್ಲ ದನಗಳು ಉಸಿರಾಡುತ್ತಿದ್ದಂತೆ ಹೊಸ ಆವಿಯು ಏರುತ್ತಲೇ ಇರುತ್ತದೆ. ಮುಂಜಾನೆಗೆ ಮಳೆಯಿಲ್ಲದೆಯೇ ಮಾಡು ಸೋರುತ್ತದೆ.

ತಪ್ಪಾದ ಒಳಹೊದಿಕೆಯ ಪರಿಣಾಮ

ಬೇಸಗೆಯ ತಾಪಕ್ಕೆ ಬೇಸತ್ತ ಒಬ್ಬ ಹಿಡುವಳಿದಾರನು ತಗಡಿನ ಕೆಳಗೆ ಹೊದಿಕೆಯನ್ನು ಹಾಕಿಸಿದನೆಂದು ಭಾವಿಸಬಹುದು. ಥರ್ಮಾಕೋಲಿನ ಹಲಗೆಗಳನ್ನೋ ಹುಲ್ಲು ತುಂಬಿದ ಗೋಣಿಗಳನ್ನೋ ಜಂತಿಗಳ ನಡುವೆ ಸಿಕ್ಕಿಸಿ, ತಾಪವು ಹೊಗದಿರಲೆಂದು ಸೂರಂಚಿನ ಸಂದುಗಳನ್ನೆಲ್ಲ ಮಣ್ಣಿನಿಂದ ಮೆತ್ತಿಸಿದನು. ಬೇಸಗೆಯು ಸುಖವಾಗಿಯೇ ಕಳೆಯಿತು. ಮಾರ್ಗಶಿರದಲ್ಲಿ ಚಳಿ ಬಿದ್ದೊಡನೆ ಹೊದಿಕೆಯಿಂದ ನೀರು ತೊಟ್ಟಿಕ್ಕತೊಡಗಿತು. ತಗಡು ಸೋರುತ್ತದೆಂದು ತಿಳಿದು ಅವನು ಮೊಳೆಗಳಿಗೆಲ್ಲ ಡಾಂಬರು ಬಳಿಸಿದನು. ನೀರು ನಿಲ್ಲಲಿಲ್ಲ. ಸಂದುಗಳನ್ನು ಇನ್ನಷ್ಟು ಮುಚ್ಚಿದನು. ನೀರು ಇನ್ನಷ್ಟು ಹೆಚ್ಚಿತು.

ನಡೆದ ಸಂಗತಿ ಇಷ್ಟೆ. ಹಲಗೆ ಹಲಗೆಗಳ ಸಂದಿನಿಂದ ಬೆಚ್ಚನೆಯ ಆವಿಯು ಮೇಲೇರಿತು. ಹೊದಿಕೆಯು ಕೊಟ್ಟಿಗೆಯ ಬಿಸುಪನ್ನು ತಡೆದುದರಿಂದ ಮೇಲಣ ತಗಡು ಮೊದಲಿಗಿಂತಲೂ ಹೆಚ್ಚು ತಣ್ಣಗಾಗಿತ್ತು. ಆವಿಯು ಅಲ್ಲಿ ನೀರಾಯಿತು. ಹೊರಹೋಗಲು ದಾರಿಯಿಲ್ಲದೆ ಹೊದಿಕೆಯ ಬೆನ್ನಿನ ಮೇಲೆ ನಿಂತಿತು. ತಾಪವನ್ನು ತಡೆಯುವ ಎಲ್ಲ ಹೊದಿಕೆಗಳ ಶಕ್ತಿಯೂ ಅವುಗಳೊಳಗೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿಯಲ್ಲಿದೆ. ನೀರಿನ ಮೂಲಕ ಶಾಖವು ಹರಿಯುವುದು ಅಂತಹ ಗಾಳಿಯ ಮೂಲಕ ಹರಿಯುವುದಕ್ಕಿಂತ ಸುಮಾರು 24 ಪಾಲು ಹೆಚ್ಚು. ಆದುದರಿಂದ ನೆನೆದ ಹುಲ್ಲಾಗಲಿ ಗಾಜಿನ ಹತ್ತಿಯಾಗಲಿ ತಾಪವನ್ನು ತಡೆಯದು. ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಜಂತಿ ಲಡ್ಡಾಗುತ್ತದೆ, ಇಲಿ ಜಿರಲೆಗಳಿಗೆ ಮನೆಯಾಗುತ್ತದೆ. ಇವೆಲ್ಲವೂ ಕಣ್ಣಿಗೆ ಮರೆಯಾಗಿ ನಡೆಯುವುದರಿಂದ ಕೇಡು ಬೆಳೆದ ಮೇಲೆಯೇ ತಿಳಿಯುತ್ತದೆ.

ಮುಗ್ಗಿದ ಕಾಳಿನ ಅಪಾಯ

ಮೇಲಿನಿಂದ ಬಿದ್ದ ಹನಿಯು ಚೀಲದ ಮೇಲೆ ಒಂದು ಕಲೆಯನ್ನು ಮಾತ್ರ ಮಾಡಿತೆಂದು ಅಲಕ್ಷ್ಯ ಮಾಡತಕ್ಕದ್ದಲ್ಲ. ಆ ಕಲೆಯ ಕೆಳಗೆ ಬೂಷ್ಟು ಹುಟ್ಟುತ್ತದೆ. ಬೂಷ್ಟಿನ ಉಸಿರಿನಿಂದ ಕಾಳು ಬಿಸಿಯಾಗಿ, ಮತ್ತಷ್ಟು ತೇವವು ಪಕ್ಕದ ಕಾಳಿಗೆ ಹರಡುತ್ತದೆ. ಕೆಲವು ಬಗೆಯ ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಕಡಲೆಕಾಯಿಯಲ್ಲಿಯೂ ಮುಸುಕಿನ ಜೋಳದಲ್ಲಿಯೂ ಇದರ ಭಯ ಹೆಚ್ಚು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಹೋದಾಗ, ಅವುಗಳಿಗೆ ತಿನ್ನಿಸಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಈ ವಿಷವು ಮೊದಲು ಗೊತ್ತಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ನೆನೆದು ಸರಿಯಾಗಿ ಒಣಗದೆ ಮುಗ್ಗಿದ ಮುಸುಕಿನ ಜೋಳವನ್ನು ಉಂಡ ಬಡ ಕುಟುಂಬಗಳಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರು ತುಂಬುವ ವ್ಯಾಧಿಯೂ ಕಾಣಿಸಿಕೊಂಡವು. ಲೆಕ್ಕಕ್ಕೆ ಬಂದ 397 ರೋಗಿಗಳಲ್ಲಿ 106 ಮಂದಿ ಮೃತರಾದರು. ಅದೇ ಆಹಾರವನ್ನು ತಿಂದ ಮನೆಯ ನಾಯಿಗಳೂ ಸತ್ತವು. ಈ ವಿಷವು ಸಾಧಾರಣವಾದ ಅಡಿಗೆಯ ಬೆಂಕಿಗೆ ನಾಶವಾಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿದ ಕಾಳನ್ನು ತೊಳೆದು ಒಣಗಿಸಿ ಮನೆಮಂದಿಗಾಗಲಿ, ಆಳುಗಳಿಗಾಗಲಿ, ದನ ಕೋಳಿಗಳಿಗಾಗಲಿ ಹಾಕುವುದು ಕೇವಲ ಅವಿವೇಕ.

ಮಾಡತಕ್ಕ ಕೆಲಸದ ಕ್ರಮ

ಒಳಹೊದಿಕೆಯು ಕಡೆಯ ಕೆಲಸವೇ ಹೊರತು ಮೊದಲನೆಯದಲ್ಲ. ಮಳೆ, ಒಸರು, ಆವಿ ಈ ಮೂರಕ್ಕೂ ದಾರಿ ಮಾಡಿದ ನಂತರವೇ ಹೊದಿಕೆಗೆ ಕೈಹಾಕತಕ್ಕದ್ದು.

ಮಳೆಯ ನೀರು. ತಗಡಿಗೆ ಮೊಳೆ ಹೊಡೆಯುವಾಗ ಅಲೆಯ ಉಬ್ಬಿನಲ್ಲಿ ಹೊಡೆಯಬೇಕೇ ಹೊರತು ತಗ್ಗಿನಲ್ಲಿ ಹೊಡೆಯಬಾರದು. ನೀರು ಹರಿಯುವುದು ತಗ್ಗಿನಲ್ಲಿ. ಮೊಳೆಯ ತಲೆಯ ಕೆಳಗೆ ರಬ್ಬರಿನ ಇಲ್ಲವೆ ಡಾಂಬರಿನ ಬಿಲ್ಲೆಯಿರಲಿ. ಪಕ್ಕದ ತಗಡುಗಳು ಒಂದೂವರೆಯಿಂದ ಎರಡು ಅಲೆಗಳಷ್ಟು ಒಂದರ ಮೇಲೊಂದು ಕೂಡಬೇಕು. ಮೇಲಣ ತಗಡು ಕೆಳಗಣದರ ಮೇಲೆ ಕಡಿಮೆಯೆಂದರೂ ಆರು ಅಂಗುಲ ಚಾಚಬೇಕು, ಇಳಿಜಾರು ಕಡಿಮೆಯಿದ್ದರೆ ಇನ್ನೂ ಹೆಚ್ಚು. ಸೂರಂಚು ಗೋಡೆಯಿಂದ ಎರಡೂವರೆ ಮೂರು ಅಡಿ ಮುಂದಕ್ಕೆ ಬಂದಿರುವುದು ಮೇಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಚಿತ್ರದುರ್ಗದ ಬಯಲಿನಲ್ಲಿ ಅದರ ಹತ್ತರಲ್ಲೊಂದು ಪಾಲು ಬೀಳುವುದೂ ಕಷ್ಟ. ಆದುದರಿಂದ ಮಲೆನಾಡಿನವರು ಇಳಿಜಾರನ್ನೂ ಸೂರಂಚನ್ನೂ ಹೆಚ್ಚಿಸಿಕೊಳ್ಳತಕ್ಕದ್ದು.

ನೆಲದ ಒಸರು. ನೆಲಗಟ್ಟು ಸುತ್ತಣ ಭೂಮಿಗಿಂತ ಎರಡು ಅಡಿಯಾದರೂ ಎತ್ತರವಿರಲಿ. ಸೂರಿನ ನೀರು ಬೀಳುವೆಡೆಯಲ್ಲಿ ಚರಂಡಿಯನ್ನು ತೆಗೆದು ನೀರು ದೂರ ಹರಿಯುವಂತೆ ಮಾಡಬೇಕು. ಹೊಸದಾಗಿ ನೆಲ ಹಾಕಿಸುವವರು ಜಲ್ಲಿಯ ಮೇಲೆ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನು, ಅಂಚುಗಳು ಒಂದರ ಮೇಲೊಂದು ಒಂದು ಅಡಿ ಕೂಡುವಂತೆ ಹಾಸಿ, ಅದರ ಮೇಲೆ ಗಾರೆಯನ್ನು ಹಾಕಿಸುವುದರಿಂದ ಒಸರು ನಿಲ್ಲುತ್ತದೆ. ಕೊಟ್ಟಿಗೆಯ ನೆಲವು ಗಂಜಳದ ಕಾಲುವೆಯ ಕಡೆಗೆ ಇಳಿಜಾರಾಗಿರಬೇಕು. ಉಗ್ರಾಣದಲ್ಲಿ ಚೀಲಗಳನ್ನು ನೆಲಕ್ಕೆ ತಾಗಿಸದೆ ಆರು ಅಂಗುಲ ಎತ್ತರದ ಮರದ ಅಡ್ಡೆಗಳ ಮೇಲೆ, ಗೋಡೆಯಿಂದ ಎರಡು ಅಡಿ ದೂರದಲ್ಲಿ ಒಟ್ಟಬೇಕು.

ಆವಿಯ ದಾರಿ. ಬೆಚ್ಚನೆಯ ಗಾಳಿ ಮೇಲೇರುತ್ತದೆ. ಅದು ಮಾಡಿನ ನೆತ್ತಿಯಿಂದ ಹೊರಬಿದ್ದರೆ ಸೂರಂಚಿನಿಂದ ಹೊಸ ಗಾಳಿ ಒಳಬರುತ್ತದೆ. ಕೊಟ್ಟಿಗೆಯ ಅಗಲದ ಪ್ರತಿ ಹತ್ತು ಅಡಿಗೆ ಎರಡು ಅಂಗುಲದಂತೆ ನೆತ್ತಿಯ ಉದ್ದಕ್ಕೂ ಸಂದನ್ನು ಬಿಡುವುದು ದನದ ಕೊಟ್ಟಿಗೆಗಳಿಗೆ ರೂಢಿಯಲ್ಲಿರುವ ಅಳತೆ. ಇಪ್ಪತ್ತು ಅಡಿ ಅಗಲದ ಕೊಟ್ಟಿಗೆಗೆ ನೆತ್ತಿಯಲ್ಲಿ ನಾಲ್ಕು ಅಂಗುಲ, ಎರಡು ಪಕ್ಕದ ಸೂರಂಚುಗಳಲ್ಲಿ ಎರಡೆರಡು ಅಂಗುಲ ಎಂದು ಲೆಕ್ಕ. ಇದು ಕನಿಷ್ಠವಾದ ಅಳತೆ. ಸೆಖೆಯ ಸೀಮೆಯಲ್ಲಿ ಇನ್ನೂ ಧಾರಾಳವಾಗಿ ಬಿಡಬೇಕು. ನೆತ್ತಿಯ ಸಂದಿನ ಮೇಲೆ ಒಂದಿಷ್ಟು ಎತ್ತರದಲ್ಲಿ ಅಗಲವಾದ ಟೊಪ್ಪಿಯಂತಹ ತಗಡನ್ನು ನಿಲ್ಲಿಸಿದರೆ ಮಳೆ ಹೊಗುವುದಿಲ್ಲ. ಸಂದುಗಳಿಗೆ ತಂತಿಯ ಬಲೆಯನ್ನು ಹಾಕಿದರೆ ಹಕ್ಕಿಯೂ ಇಲಿಯೂ ಹೊಗುವುದಿಲ್ಲ.

ಒಳಹೊದಿಕೆಯನ್ನು ಹಾಕುವ ಎರಡು ಪದ್ಧತಿಗಳು

ಮೊದಲನೆಯದು ಗಾಳಿಯಾಡುವ ಪದ್ಧತಿ. ಇದು ಕೊಟ್ಟಿಗೆಗೆ ಉತ್ತಮ, ವೆಚ್ಚವೂ ಅಲ್ಪ. ತಗಡಿನಿಂದ ಮೂರು ನಾಲ್ಕು ಅಂಗುಲ ಕೆಳಗೆ ಬಿದಿರಿನ ತಟ್ಟಿಯನ್ನಾಗಲಿ ಚಾಪೆಯನ್ನಾಗಲಿ ರೀಪುಗಳಿಗೆ ಬಿಗಿಯಬೇಕು. ಹೆಚ್ಚಿನ ತಂಪು ಬೇಕಾದವರು ತಟ್ಟಿಯ ಮೇಲೆ ಎರಡು ಅಂಗುಲ ಒಣಹುಲ್ಲನ್ನು ಹರಡಬಹುದು. ತಟ್ಟಿಗೂ ತಗಡಿಗೂ ನಡುವಣ ಬಯಲು ಕೆಳಗೆ ಸೂರಂಚಿನಲ್ಲಿಯೂ ಮೇಲೆ ನೆತ್ತಿಯಲ್ಲಿಯೂ ತೆರೆದಿರಲೇಬೇಕು. ಹಗಲು ಕಾದ ಗಾಳಿಯೂ ಇರುಳು ಏರಿದ ಆವಿಯೂ ಆ ದಾರಿಯಿಂದಲೇ ಹೊರಬೀಳುತ್ತವೆ. ಹುಲ್ಲನ್ನು ವರ್ಷಕ್ಕೊಮ್ಮೆ ಬದಲಿಸಿ, ಹಳೆಯದನ್ನು ತಿಪ್ಪೆಗೆ ಹಾಕತಕ್ಕದ್ದು.

ಎರಡನೆಯದು ಗಾಳಿ ಹೊಗದ ಪದ್ಧತಿ. ನೀರನ್ನು ಹೀರದ ನೊರೆಯ ಹಲಗೆಯನ್ನು ತಗಡಿಗೆ ಎಡೆಯಿಲ್ಲದಂತೆ ಅಂಟಿಸಿ, ಪ್ರತಿಯೊಂದು ಸಂದನ್ನೂ ಪಟ್ಟಿಯಿಂದ ಬಿಗಿಯಾಗಿ ಮುಚ್ಚುವುದು ಇದರ ಕ್ರಮ. ಎರಡು ತಗಡುಗಳ ನಡುವೆ ನೊರೆಯನ್ನು ತುಂಬಿ ಕಾರ್ಖಾನೆಯಲ್ಲಿಯೇ ತಯಾರಾಗಿ ಬರುವ ಹಲಗೆಗಳೂ ಈ ಜಾತಿಯವೇ. ಆವಿಯು ತಣ್ಣನೆಯ ತಗಡನ್ನು ಮುಟ್ಟುವುದೇ ಇಲ್ಲವಾದುದರಿಂದ ನೀರಾಗುವ ಪ್ರಸಂಗವಿಲ್ಲ. ಕೆಲಸವು ಒಂದೆಡೆ ಸಡಿಲವಾದರೂ ಫಲವು ಕೆಡುತ್ತದೆ. ಆದುದರಿಂದ ನುರಿತ ಕೆಲಸಗಾರನಿಂದಲೇ ಮಾಡಿಸಬೇಕು. ಈ ಪದ್ಧತಿಯನ್ನು ಹಿಡಿದರೂ ಕೊಟ್ಟಿಗೆಯ ಗಾಳಿಗೆ ಹೊರದಾರಿಯು ಬೇಕೇ ಬೇಕು.

ಗಾಜಿನ ಹತ್ತಿಯಂತಹ ನೀರು ಹೀರುವ ಹೊದಿಕೆಯನ್ನು ಬಳಸುವವರು ಆವಿಯನ್ನು ತಡೆಯುವ ಹಾಳೆಯನ್ನು ಹೊದಿಕೆಯ ಕೆಳಗೆ, ಎಂದರೆ ದನ ಧಾನ್ಯಗಳಿರುವ ಬೆಚ್ಚನೆಯ ಕಡೆಗೆ ಹಾಕಬೇಕು. ಎರಡು ಮಗ್ಗುಲಿಗೂ ಹಾಳೆಯನ್ನು ಹಾಕಿದರೆ ಒಳಸೇರಿದ ನೀರು ಹೊರಬರುವ ಬಗೆಯಿಲ್ಲದೆ ಕೊಳೆಯುತ್ತದೆ. ಹಾಸನದ ಸೀಮೆಯಲ್ಲಿ ಆಲೂಗಡ್ಡೆಯ ಬೀಜವನ್ನಿಡುವ ಶೀತಲಗೃಹಗಳಂತಹ ಕಟ್ಟಡಗಳಿಗೆ ಮಾತ್ರ ಈ ನಿಯಮವು ತಿರುಗುಮುರುಗು. ಅಲ್ಲಿ ಒಳಗಡೆ ತಂಪು, ಹೊರಗಡೆ ಬಿಸಿ. ಆವಿಯು ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಆದುದರಿಂದ ಹಾಳೆಯು ಹೊರಮಗ್ಗುಲಿಗೆ ಬರಬೇಕು. ಯಾವ ಕಡೆ ಬೆಚ್ಚಗಿದೆಯೋ ಆ ಕಡೆಗೆ ಹಾಳೆ ಎಂದು ನೆನಪಿಟ್ಟುಕೊಂಡರೆ ಸಾಕು.

ಹೊದಿಕೆಯ ವೆಚ್ಚವನ್ನೇ ಭರಿಸಲಾರದವರಿಗೂ ಉಪಾಯವುಂಟು. ತಗಡಿಗೆ ಹೊಂದುವ ಬಿಳಿಯ ಬಣ್ಣವನ್ನು ಹೊರಮೈಗೆ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ತಗಡಿನ ಮೇಲೆ ತೆಂಗಿನ ಗರಿಯನ್ನೋ ಸೋಗೆಯನ್ನೋ ಹೊದಿಸುವ ರೂಢಿಯೂ ಒಳ್ಳೆಯದು. ಮೇಲ್ಗಡೆಯ ಹೊದಿಕೆಯು ಹಗಲಿನಲ್ಲಿ ಬಿಸಿಲನ್ನು ತಡೆಯುವುದಲ್ಲದೆ, ಇರುಳಿನಲ್ಲಿ ತಗಡು ಅತಿಯಾಗಿ ತಣಿಯದಂತೆಯೂ ಕಾಯುತ್ತದೆ. ಆದರೆ ಮುಂಗಾರಿಗೆ ಮೊದಲೇ ಅದನ್ನು ತೆಗೆದುಹಾಕಬೇಕು. ನೆನೆದ ಗರಿಯು ತಗಡಿನ ಮೇಲೆ ಕೊಳೆತರೆ ತುಕ್ಕು ತಪ್ಪದು.

ಹುಲ್ಲು, ಥರ್ಮಾಕೋಲುಗಳಿಗೆ ಬೆಂಕಿಯ ಭಯವಿರುವುದರಿಂದ ವಿದ್ಯುತ್ತಿನ ತಂತಿಗಳನ್ನು ಕೊಳವೆಯೊಳಗೆ ಎಳೆಸತಕ್ಕದ್ದು. ಹಳೆಯ ಕಲ್ನಾರಿನ ಮಾಡುಗಳನ್ನು ಉಳ್ಳವರು ಅವುಗಳನ್ನು ಕೊರೆಯುವುದಾಗಲಿ ಉಜ್ಜುವುದಾಗಲಿ ಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು.

ಕೊಟ್ಟಿಗೆ, ಉಗ್ರಾಣ, ರೇಷ್ಮೆಯ ಮನೆ

ಈ ಮೂರರ ಆರೈಕೆಯು ಒಂದೇ ತೆರನಲ್ಲ. ಕೊಟ್ಟಿಗೆಯಲ್ಲಿ ಹಗಲಿರುಳೂ ಗಾಳಿಯಾಡಬೇಕು. ಚಳಿಯೆಂದು ಎಲ್ಲವನ್ನೂ ಮುಚ್ಚುವುದರಿಂದ ದನಕ್ಕೆ ಉಪಕಾರವಾಗದು; ಒಣಗಾಳಿಯ ಚಳಿಯನ್ನು ದನವು ತಾಳಬಲ್ಲದು, ಗಂಜಳದ ಘಾಟು ತುಂಬಿದ ತೇವವನ್ನು ತಾಳಲಾರದು. ನೇರವಾಗಿ ಮೈಗೆ ಬೀಸುವ ಕುಳಿರ್ಗಾಳಿಗೆ ಮಾತ್ರ ತಟ್ಟಿಯನ್ನು ಅಡ್ಡ ಕಟ್ಟಬಹುದು.

ಉಗ್ರಾಣದಲ್ಲಿ ಗಾಳಿಗೆ ವೇಳೆಯುಂಟು. ಹೊರಗೆ ಬಿಸಿಲು ಬಿದ್ದು ಗಾಳಿ ಒಣಗಿರುವ ಹೊತ್ತಿನಲ್ಲಿ, ಸಾಧಾರಣವಾಗಿ ಹಗಲು ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ, ಕಿಟಕಿಗಳನ್ನು ತೆರೆದು, ಮಳೆಯಲ್ಲಿಯೂ ಮಂಜಿನಲ್ಲಿಯೂ ಇರುಳಿನಲ್ಲಿಯೂ ಮುಚ್ಚಿಡಬೇಕು. ಧಾನ್ಯವು ಒಣಗಿದುದೇ ಆಗಿರಬೇಕು. ಕೆಲವು ತಿಂಗಳು ಇಡುವ ಭತ್ತದಲ್ಲಿ ನೂರಕ್ಕೆ 14 ಪಾಲಿಗಿಂತಲೂ, ರಾಗಿಯಲ್ಲಿ 12 ಪಾಲಿಗಿಂತಲೂ, ಸಿಪ್ಪೆಯ ಕಡಲೆಕಾಯಿಯಲ್ಲಿ 9 ಪಾಲಿಗಿಂತಲೂ ತೇವವು ಹೆಚ್ಚಿರಬಾರದು.

ಭತ್ತ, ಜೋಳಗಳಂತಹ ಧಾನ್ಯಗಳ ತೇವವನ್ನು ಅಳೆಯುವ ಯಂತ್ರವಿಲ್ಲದವರು ಉಪ್ಪಿನಿಂದ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಪಾಲು ಕಾಳನ್ನೂ ಒಂದೆರಡು ಚಮಚೆ ಹುರಿದು ಆರಿಸಿದ ಪುಡಿಯುಪ್ಪನ್ನೂ ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಿ ಕಾಲು ಗಂಟೆ ಇಡಬೇಕು. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವವು 15 ಪಾಲಿಗಿಂತ ಹೆಚ್ಚಿದೆ, ಮತ್ತೆ ಒಣಗಿಸಬೇಕೆಂದು ಅರ್ಥ. ಉಪ್ಪು ಮೆತ್ತದಿದ್ದರೆ ಆ ಮಿತಿಯೊಳಗಿದೆಯೆಂದು ತಿಳಿಯಬಹುದು. ಬಹುಕಾಲ ಇಡುವ ಕಾಳಿಗೆ ಅಷ್ಟೇ ಸಾಲದು, ಇನ್ನೊಂದೆರಡು ಬಿಸಿಲು ಕೊಡಬೇಕು.

ರೇಷ್ಮೆಹುಳುವಿನ ಮನೆಯವರಿಗೆ ತೇವವೂ ಬೇಕು, ಅದರ ಮಿತಿಯೂ ಬೇಕು. ಚಾಕಿ ಹುಳುಗಳಿಗೆ ಹೆಚ್ಚು ತೇವವು ಹಿತ. ಕೊನೆಯ ಜ್ವರಗಳ ದೊಡ್ಡ ಹುಳುಗಳಿಗೆ ನೂರಕ್ಕೆ 70 ಪಾಲಿನಷ್ಟೇ ಸಾಕು. ಚಳಿಗಾಲದಲ್ಲಿ ತಗಡಿನಿಂದ ತೊಟ್ಟಿಕ್ಕುವ ನೀರು ತಟ್ಟೆಯ ಮೇಲೆ ಬಿದ್ದು, ಹಾಸಿಗೆ ನೆನೆದು, ಗಾಳಿಯೂ ಆಡದಿದ್ದರೆ ಸುಣ್ಣಕಟ್ಟು ರೋಗಕ್ಕೆ ಆಹ್ವಾನವಿತ್ತಂತೆ.

ತೇವದ ಮೂಲವನ್ನು ಕಂಡುಹಿಡಿಯುವ ಬಗೆ

ಚಿಕಿತ್ಸೆಗೆ ಮೊದಲು ರೋಗವನ್ನು ತಿಳಿಯಬೇಕು. ಮಳೆ ಬಂದಾಗ ಮಾತ್ರ ಹನಿ ಬಿದ್ದರೆ ತಗಡು ಸೋರುತ್ತದೆ. ಮಳೆಯಿಲ್ಲದ ನಿರ್ಮಲವಾದ ಇರುಳಿನ ಮುಂಜಾನೆಯಲ್ಲಿ ಬಿದ್ದು, ಬಿಸಿಲೇರಿದೊಡನೆ ನಿಂತರೆ ಅದು ಇಬ್ಬನಿಯೇ. ನೆಲದ ಪರೀಕ್ಷೆಗೆ ಮೂರು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ ಒಂದು ಹಗಲು ಒಂದು ಇರುಳು ಬಿಡಬೇಕು. ಹಾಳೆಯ ಕೆಳಗೆ ನೀರು ಕಂಡರೆ ನೆಲದಿಂದ ಒಸರು ಬರುತ್ತಿದೆ; ಮೇಲೆ ಕಂಡರೆ ಗಾಳಿಯ ಆವಿಯು ತಣ್ಣನೆಯ ನೆಲಕ್ಕೆ ತಗುಲಿ ನೀರಾಗುತ್ತಿದೆ. ಮೊದಲನೆಯದಕ್ಕೆ ಚರಂಡಿಯೂ ನೆಲಗಾರೆಯೂ ಮದ್ದು. ಎರಡನೆಯದಕ್ಕೆ ಗಾಳಿಯ ದಾರಿಯೇ ಮದ್ದು.

ನೆನಪಿನಲ್ಲಿಡತಕ್ಕ ನಿಯಮಗಳು

1. ಸೋರುವ ತಗಡಿಗೂ ಒಸರುವ ನೆಲಕ್ಕೂ ಮೊದಲು ಪರಿಹಾರ, ಅನಂತರ ಒಳಹೊದಿಕೆ.

2. ನೆತ್ತಿಯಲ್ಲಿಯೂ ಸೂರಂಚಿನಲ್ಲಿಯೂ ಗಾಳಿಯ ಸಂದು ಸದಾ ತೆರೆದಿರಲಿ.

3. ತಗಡಿಗೂ ಹೊದಿಕೆಗೂ ನಡುವೆ ಒಂದೋ ಗಾಳಿ ಧಾರಾಳವಾಗಿ ಆಡಲಿ, ಇಲ್ಲವೆ ಎಡೆಯೇ ಇಲ್ಲದಿರಲಿ.

4. ಆವಿ ತಡೆಯುವ ಹಾಳೆ ಬೆಚ್ಚನೆಯ ಮಗ್ಗುಲಿಗೆ, ಅದೂ ಒಂದೇ ಮಗ್ಗುಲಿಗೆ.

5. ಒಣಗದ ಕಾಳನ್ನು ಉಗ್ರಾಣಕ್ಕೆ ತುಂಬಬಾರದು. ಬೂಷ್ಟು ಹಿಡಿದುದನ್ನು ಮನುಷ್ಯರಿಗೂ ಪ್ರಾಣಿಗಳಿಗೂ ಕೊಡಬಾರದು.

6. ಮುಂಗಾರಿಗೆ ಮುಂಚೆ ಮೊಳೆ, ಚರಂಡಿಗಳನ್ನೂ, ಚಳಿಗಾಲದ ಮೊದಲಲ್ಲಿ ಗಾಳಿಯ ಸಂದುಗಳನ್ನೂ ವರ್ಷವರ್ಷವೂ ನೋಡಿಕೊಳ್ಳಬೇಕು. ಒಳಹೊದಿಕೆಯ ಒಂದು ತುಂಡನ್ನು ಬಿಚ್ಚಿ ಬೆನ್ನನ್ನು ಮುಟ್ಟಿ ನೋಡುವುದನ್ನು ಮರೆಯಬಾರದು.

ಗ್ರಾಮದ ಮುಖಂಡರಿಗೆ ವಿಶೇಷವಾಗಿ ಅರಿಕೆ ಮಾಡಬೇಕಾದುದೊಂದುಂಟು. ಸಹಕಾರ ಸಂಘದ ಗೋದಾಮು, ಶಾಲೆಯ ಅಡಿಗೆಯ ದಿನಸಿನ ಕೋಣೆ ಮೊದಲಾದುವು ಒಬ್ಬರ ಸ್ವತ್ತಲ್ಲವಾದುದರಿಂದ ಅವುಗಳ ಮಾಡನ್ನು ತಲೆಯೆತ್ತಿ ನೋಡುವವರು ಕಡಿಮೆ. ಅಲ್ಲಿಯ ಒಂದು ಮೂಟೆ ಮುಗ್ಗಿದರೆ ಅದು ಹತ್ತಾರು ಮನೆಗಳ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಚಳಿಗಾಲದ ಒಂದು ಮುಂಜಾನೆ ಬಾಗಿಲು ತೆಗೆಸಿ, ತಗಡಿನ ಕೆಳಮೈಯನ್ನೂ ಮೇಲುಸಾಲಿನ ಚೀಲಗಳನ್ನೂ ಕೈಯಿಂದ ಮುಟ್ಟಿ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗದೆ, ನೆತ್ತಿಯಲ್ಲಿ ನಾಲ್ಕು ಅಂಗುಲದ ಸಂದನ್ನು ಬಿಡಿಸುವ ಕೆಲಸವು ಈ ವರ್ಷದ ಸುಗ್ಗಿಯ ರಾಶಿ ಒಳಬರುವುದಕ್ಕೆ ಮೊದಲೇ ನಡೆಯಲಿ.